ಬಂಡೆಯಣ್ಣನವರ ಮುಂಗೈಯನ್ನು ಕರ್ತವ್ಯದಿಂದ ಬಿಡುಗಡೆಗೊಳಿಸುವ ಕುರಿತು

ಸುತ್ತೋಲೆ
ಸಂಖ್ಯೆ: ವಿಶ್ರಾಂತಿ/ಎಣ್ಣೆ/ತುರಿಕೆ/ಮರುಪರಿಶೀಲನೆ

“ಇದು ಎಣ್ಣೆನಾ ಸಾರ್, ಇಲ್ಲಾ ಯಾವ್ದೋ ಹಳೇ ಸೇಡಾ?”

ಹೀಗೆಂದು ದೂರವಾಣಿ ನಿರ್ವಾಹಕಿಯವರು (ಇನ್ನು ಮುಂದೆ, ಎಲ್ಲರೂ ಕರೆಯುವಂತೆ, ‘ಫೋನಕ್ಕ’) ಕಳೆದ ಬುಧವಾರ ವಿಶ್ರಾಂತಿ ಕೊಠಡಿಯಿಂದ ಹೊರಬಂದವರೇ ಅಧೀಕ್ಷಕರ ಮುಂದೆ ಎರಡೂ ತೋಳು ಚಾಚಿ ಕೇಳಿರುತ್ತಾರೆ. ಆ ಸಮಯದಲ್ಲಿ ಅಧೀಕ್ಷಕರು ತಮ್ಮ ಕುತ್ತಿಗೆಯನ್ನು ತುರಿಸಿಕೊಳ್ಳುವುದರಲ್ಲಿ ನಿರತರಾಗಿದ್ದುದರಿಂದ ಉತ್ತರಿಸಲು ಸಾಧ್ಯವಾಗಿರುವುದಿಲ್ಲ. ಸದರಿ ಉತ್ತರವನ್ನು ಈ ಮೂಲಕ ನೀಡಲಾಗುತ್ತಿದೆ.

ವಿಷಯ: ಚರ್ಮಕ್ಕೆ ತೊಂದರೆ ಕೊಡದ ಮಾಲೀಸು ಎಣ್ಣೆಯನ್ನು ಆರಿಸುವ ಬಗ್ಗೆ, ಹಾಗೂ ಉಗ್ರಾಣದ ಬಂಡೆಯಣ್ಣನವರ ಎಡ ಮುಂಗೈಯ ಬಗ್ಗೆ.

ಉಲ್ಲೇಖ:
೧. ‘ಪ್ರತಿ ಬುಧವಾರ ಕಡ್ಡಾಯ ಮಾಲೀಸು’ ಎಂಬ ಈ ಕಛೇರಿಯ ಹಿಂದಿನ ಸುತ್ತೋಲೆ.
೨. ಫೋನಕ್ಕನವರ ಮಗಳ ದೂರವಾಣಿ ಕರೆ (ಕೈತಪ್ಪಿ ಎಲ್ಲ ಕೊಠಡಿಗಳಿಗೂ ಜೋಡಣೆಯಾದದ್ದು).
೩. ಸಿಬ್ಬಂದಿಯ ಸಾರ್ವತ್ರಿಕ ತುರಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಡೆದದ್ದನ್ನು ನಡೆದ ಹಾಗೇ ತಿಳಿಸುವುದು ಸೂಕ್ತವೆಂದು ಭಾವಿಸಲಾಗಿದೆ.

ಸಿಬ್ಬಂದಿಯ ಕುತ್ತಿಗೆಗಳು ಕುರ್ಚಿಯಲ್ಲೇ ಮರಗಟ್ಟುತ್ತಿರುವುದನ್ನು ಕಂಡು, ಕುತ್ತಿಗೆ, ಭುಜ ಮತ್ತು ತೋಳುಗಳಿಗೆ ವಾರಕ್ಕೊಮ್ಮೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಲಾಗಿತ್ತು. ಉದ್ದೇಶ ಒಳ್ಳೆಯದೇ ಆಗಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಲಾಗಿದೆ. ಎಣ್ಣೆ ಕೊಳ್ಳುವ ಮುನ್ನ ಚರ್ಮದ ಮೇಲೆ ಒಂದು ಹನಿ ಹಚ್ಚಿ ನೋಡತಕ್ಕದ್ದು ಎಂಬ ನಿಯಮವೂ ಇತ್ತು. ಯಾರ ಚರ್ಮ ಎಂಬುದು ನಿಯಮದಲ್ಲಿ ಇರಲಿಲ್ಲ. ಒಬ್ಬೊಬ್ಬರ ಕೈಗೂ ಹಚ್ಚುತ್ತಾ ಕೂತರೆ ಕೆಲಸ ಕೆಟ್ಟೀತೆಂದು, ಸಮಸ್ತ ಸಿಬ್ಬಂದಿಯ ಪರವಾಗಿ ಒಂದೇ ಮುಂಗೈಯನ್ನು ನಿಯೋಜಿಸಲಾಯಿತು. ಅದು ಬಂಡೆಯಣ್ಣನವರದು.

ಬಂಡೆಯಣ್ಣನವರು ಉಗ್ರಾಣಕ್ಕೆ ಬರುವ ಮೊದಲು ರಸ್ತೆ ಕೆಲಸದಲ್ಲಿ, ಕುದಿಯುವ ಡಾಂಬರಿನ ಪಕ್ಕದಲ್ಲಿ ಅರ್ಧ ಆಯಸ್ಸು ಕಳೆದವರು. “ಸಾರ್, ನನ್ ಕೈ ಮೇಲೆ ಬಿಸಿ ಟೀ ಚೆಲ್ಲಿದ್ರೂ ಯಾರಾದ್ರೂ ಹೇಳಿದ್ಮೇಲೇ ನಂಗ್ ಗೊತ್ತಾಗೋದು. ಹೋಗಿ ಹೋಗಿ ನನ್ನ ಕೇಳ್ತೀರಲ್ಲ” ಎಂದು ಅವರು ಅಂದೇ ನಿವೇದಿಸಿಕೊಂಡಿದ್ದರು. ಇದನ್ನು ‘ಆಕ್ಷೇಪಣೆ ಇಲ್ಲ’ ಎಂದು ದಾಖಲಿಸಿಕೊಳ್ಳಲಾಯಿತು.

ಪರೀಕ್ಷೆಗೆ ತರಿಸಿದ್ದ ಐದು ಸೀಸೆಗಳೂ ತೇರ್ಗಡೆಯಾದವು. ಮೊದಲ ದರ್ಜೆ ಪಡೆದ ನಾಲ್ಕನೆಯ ಸೀಸೆಯಲ್ಲಿದ್ದದ್ದು ಬಾಗಿಲಿನ ಕೀಲುಗಳಿಗೆ ಬಿಡುವ ಎಣ್ಣೆ ಎಂದು ನಂತರ ತಿಳಿದುಬಂದಿದೆ. ಉಳಿದವುಗಳಲ್ಲಿ, ಮುಚ್ಚಳ ತೆಗೆದೊಡನೆ ಮೇಲಿನ ಮಹಡಿಯ ಹಿರಿಯ ಅಧಿಕಾರಿಗಳು “ಆಹಾ, ಯಾರಪ್ಪಾ ಅದು” ಎಂದು ಇಳಿದುಬರುವಂತೆ ಮಾಡಿದ ಗುಲಾಬಿ ಪರಿಮಳದ ಎಣ್ಣೆಯನ್ನು ಖರೀದಿಸಲಾಯಿತು.

ಅದೇ ಎಣ್ಣೆಯನ್ನು ಮುಂದುವರಿಸಬೇಕೇ ಎಂದು ನಿರ್ಧರಿಸಲು ಸಭೆಯನ್ನೂ ಕರೆಯಲಾಗಿತ್ತು. ಒಪ್ಪಿಗೆ ಇರುವವರು ಕೈ ಎತ್ತಬೇಕೆಂದು ಕೋರಲಾಯಿತು. ಎಲ್ಲರ ಕೈಗಳೂ ಅದಾಗಲೇ ಕುತ್ತಿಗೆಯ ಹಿಂದೆ ಕೆಲಸದಲ್ಲಿದ್ದವು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ವಿಷಯ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಉಲ್ಲೇಖ ೨ರ ಕರೆ ಬಂತು. ಬಾಣಂತನಕ್ಕೆಂದು ಬಂದಿರುವ ಫೋನಕ್ಕನವರ ಮಗಳು ಶನಿವಾರ ಸಂಜೆಯ ಬಸ್ಸಿಗೆ ಕೂಸಿನೊಂದಿಗೆ ತನ್ನೂರಿಗೆ ಹೊರಡುವವಳಿದ್ದಾಳೆ. ತೋಳುಗಳ ತುಂಬ ದದ್ದು ಎದ್ದ ದಿನದಿಂದ ಫೋನಕ್ಕನವರಿಗೆ ಮೊಮ್ಮಗಳನ್ನು ಎತ್ತಿಕೊಳ್ಳಲು ಅನುಮತಿ ದೊರೆತಿರುವುದಿಲ್ಲ.

“ಅಮ್ಮಾ, ಬೇಡ ಅಂದ್ನಲ್ಲ. ನಿನ್ ಕೈಗೆ ಹತ್ತಿರೋದು ಮಗೂ ಮೈಗೆ ತಾಗಿದ್ರೆ?”

“ಅಲ್ವೇ, ನಿನ್ನ ಎತ್ತಿ ಆಡ್ಸಿದ್ದೂ ಇದೇ ಕೈ ತಾನೆ?”

“ಆಗ ಈ ಕೈ ಮೇಲೆ ಗುಲಾಬಿ ತೋಟ ಇರ್ಲಿಲ್ಲ ಬಿಡಮ್ಮ.”

ಇದನ್ನು ಇಡೀ ಕಟ್ಟಡ ಆಲಿಸಿದೆ. ಬೆರಳಚ್ಚು ವಿಭಾಗದಲ್ಲಿ ಸ್ವಲ್ಪ ಹೊತ್ತು ಬೆರಳುಗಳು ನಿಂತಿದ್ದವೆಂದು ವರದಿಯಾಗಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಬಂಡೆಯಣ್ಣನವರ ಎಡ ಮುಂಗೈಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ಪರೀಕ್ಷಾ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ. ಸದರಿಯವರು ಇನ್ನು ಅದನ್ನು ಸ್ವಂತ ಕೆಲಸಗಳಿಗೆ ಬಳಸಿಕೊಳ್ಳಬಹುದು.

೨. ಒಬ್ಬರ ಚರ್ಮ ಇನ್ನೊಬ್ಬರ ಪರವಾಗಿ ಸಹಿ ಹಾಕತಕ್ಕದ್ದಲ್ಲ. ಪ್ರತಿಯೊಬ್ಬರೂ ತಮ್ಮದೇ ಮೊಣಕೈಯ ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ, ಒಂದು ದಿನ ಪೂರ್ತಿ ಕಾದು, ಕೆಂಪಾಗದಿದ್ದರೆ, ಉರಿಯದಿದ್ದರೆ, ನವೆ ಬಾರದಿದ್ದರೆ ಮಾತ್ರ ಮುಂದುವರಿಯತಕ್ಕದ್ದು. ಉರಿ ಕಂಡಲ್ಲಿ ಕೂಡಲೇ ತೊಳೆದುಕೊಳ್ಳತಕ್ಕದ್ದು. ತೊಳೆಯಲು ಅನುಮತಿ ಕೋರಿ ಅರ್ಜಿ ಬರೆಯುತ್ತಾ ಕೂರುವ ಅಗತ್ಯವಿಲ್ಲ. ಈ ಕೆಲಸಕ್ಕೆ ಕಿರಿಯ ಸಹೋದ್ಯೋಗಿಯ ಅಥವಾ ಭಾವಮೈದುನನ ಮೊಣಕೈ ಒದಗಿಸುವುದನ್ನು ನಿಷೇಧಿಸಲಾಗಿದೆ.

೩. ಆ ಒಂದು ದಿನವನ್ನು ಯಾವ ರಜೆಗೆ ಸೇರಿಸಬೇಕೆಂದು ಲೆಕ್ಕಪತ್ರ ಶಾಖೆ ಸ್ಪಷ್ಟನೆ ಕೇಳಿದೆ. ನೌಕರರು ಕರ್ತವ್ಯದಲ್ಲಿರುತ್ತಾರೆ, ಮೊಣಕೈ ಮಾತ್ರ ರಜೆಯಲ್ಲಿರುತ್ತದೆ. ಮೊಣಕೈ ರಜೆಯನ್ನು ಮೊಣಕಾಲಿಗೆ ವರ್ಗಾಯಿಸಲು ಬರುವುದಿಲ್ಲ.

೪. ಪರಿಮಳ ಹಾಕದ, ಬಣ್ಣ ಬೆರೆಸದ, ಹಚ್ಚಿದೊಡನೆ ತಣ್ಣಗಾಗಿಸುತ್ತೇನೆ ಬಿಸಿಯೇರಿಸುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳದ ಎಣ್ಣೆಗೆ ಆದ್ಯತೆ ನೀಡತಕ್ಕದ್ದು. ಪರಿಮಳ ಬೇಕೇಬೇಕೆನ್ನುವ ಮೇಲಿನ ಮಹಡಿಯವರು ತಮ್ಮ ಮೇಜಿನ ಮೇಲೆ ಒಂದು ಹೂವಿಟ್ಟುಕೊಳ್ಳಬಹುದಾಗಿದೆ.

೫. ಸೀಸೆಯ ಮೇಲೆ ‘ಅಪ್ಪಟ ಗಿಡಮೂಲಿಕೆ’ ಎಂದಿದ್ದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ತುರಚೆಯೂ ಗಿಡವೇ. ಬಾದಾಮಿ, ಕಡಲೆಕಾಯಿ ತಿಂದರೆ ಮೈ ಊದಿಕೊಳ್ಳುವವರು ಅವುಗಳ ಎಣ್ಣೆಯಿಂದಲೂ ದೂರವಿರತಕ್ಕದ್ದು. ಕಮಟು ವಾಸನೆ ಬಂದ ಹಳೆಯ ಎಣ್ಣೆಯನ್ನು, ಅದು ಎಷ್ಟೇ ವರ್ಷ ಸೇವೆ ಸಲ್ಲಿಸಿದ್ದರೂ, ನಿವೃತ್ತಿಗೊಳಿಸತಕ್ಕದ್ದು.

೬. ಪರೀಕ್ಷೆಯಲ್ಲಿರುವವರ ಬಳಿಗೆ ಗಳಿಗೆಗೊಮ್ಮೆ ಹೋಗಿ “ಬಂತಾ? ಇನ್ನೂ ಬರ್ಲಿಲ್ವಾ?” ಎಂದು ವಿಚಾರಿಸುವುದನ್ನು ನಿರ್ಬಂಧಿಸಲಾಗಿದೆ. ಬರಲಿಲ್ಲವೆಂದು ತಿಳಿದು ಮುಖ ಸಪ್ಪೆ ಮಾಡಿಕೊಂಡವರಿಗೆ ಪ್ರತ್ಯೇಕ ಜ್ಞಾಪನ ನೀಡಲಾಗುವುದು.

೭. ಈ ಸುತ್ತೋಲೆಯನ್ನು ಓದುತ್ತಿರುವಾಗಲೇ ಎಲ್ಲೋ ನವೆಯಾದಂತೆ ಅನಿಸಿದಲ್ಲಿ, ಅದನ್ನು ಎಣ್ಣೆಯ ಖಾತೆಗೆ ಸೇರಿಸತಕ್ಕದ್ದಲ್ಲ. ಓದಿ ಮುಗಿಸಿದ ನಂತರ ತುರಿಸಿಕೊಳ್ಳತಕ್ಕದ್ದು.

೮. ಸಭೆಗಳಲ್ಲಿ ಬಲಗೈ ಒಪ್ಪಿಗೆಗೆ, ಎಡಗೈ ತುರಿಕೆಗೆ ಮೀಸಲು. ಎಡಚರು ಇದನ್ನು ಅದಲುಬದಲು ಮಾಡಿ ಓದಿಕೊಳ್ಳುವುದು. ಎರಡೂ ಕೈ ಎತ್ತಿದವರನ್ನು ತಟಸ್ಥರೆಂದು ಪರಿಗಣಿಸಲಾಗುವುದು.

೯. ನಾಲ್ಕನೆಯ ಸೀಸೆಯು ಮೊದಲ ದರ್ಜೆಯಲ್ಲಿ ಆಯ್ಕೆಯಾದ ಮಾಲೀಸು ಎಣ್ಣೆಯಾದ್ದರಿಂದ ಬೀಗ ಹಾಕಿದ ಬೀರುವಿನಲ್ಲೇ ಇರತಕ್ಕದ್ದು. ವಿಶ್ರಾಂತಿ ಕೊಠಡಿಯ ಬಾಗಿಲು ಕಿರುಚುತ್ತಿದೆ, ಅದಕ್ಕಾದರೂ ಎರಡು ಹನಿ ಕೊಡಿ ಎಂಬ ಬಂಡೆಯಣ್ಣನವರ ಮನವಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಬಾಗಿಲು ಸಿಬ್ಬಂದಿ ವರ್ಗಕ್ಕೆ ಸೇರಿರುವುದಿಲ್ಲ.

೧೦. ಕಡ್ಡಾಯ ಮಾಲೀಸನ್ನು ರದ್ದುಪಡಿಸಲಾಗಿದೆ. ಬೇಕೆಂದವರು ಬರಬಹುದು. ಬೇಡವೆಂದವರ ಕುತ್ತಿಗೆಗೆ ಯಾರೂ ಬೀಳತಕ್ಕದ್ದಲ್ಲ.

೧೧. ಫೋನಕ್ಕನವರ ಕುತ್ತಿಗೆಗೆ, ಕೆಂಪಡಗಿದ ಮೇಲೆ, ವಾಸನೆಯೂ ಬಣ್ಣವೂ ಇಲ್ಲದ ಮೂರನೆಯ ಸೀಸೆಯ ಎಣ್ಣೆಯನ್ನು ಕಲಂ ೨ರಂತೆ ನೋಡಿ ಬಳಸಲಾಗುವುದು. ಅಲ್ಲಿಯವರೆಗೆ ಅವರ ತೋಳುಗಳಿಗೆ ಏನನ್ನೂ ಹಚ್ಚತಕ್ಕದ್ದಲ್ಲ. ಔಷಧಿ ಹೇಳಲು ಬರುವವರು ಹೊರಗೇ ನಿಲ್ಲತಕ್ಕದ್ದು. ಶನಿವಾರ ಸಂಜೆಯ ಬಸ್ಸನ್ನು ಮುಂದೂಡಬಹುದೇ ಎಂದೂ ಪರಿಶೀಲಿಸಲಾಯಿತು. ಬಸ್ಸು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.

ಹೀಗೆ, ‘ಎಣ್ಣೆನಾ, ಸೇಡಾ’ ಎಂಬ ಪ್ರಶ್ನೆಗೆ ಇಲಾಖೆಯ ಉತ್ತರ: ಎಣ್ಣೆಯೇ, ಆದರೆ ಕೇಳದೆ ಹಚ್ಚಿದ್ದು.

(ಸಹಿ)
ಅಧೀಕ್ಷಕರು
(ಬಲಗೈಯಿಂದ, ಎಡಗೈ ಕಲಂ ೮ರಂತೆ ಬೇರೆಡೆ ಇತ್ತು)

ಪ್ರತಿಗಳು:
– ಮೇಲಿನ ಮಹಡಿಗೆ, ಹೂದಾನಿಯೊಂದಿಗೆ.
– ಬಂಡೆಯಣ್ಣನವರಿಗೆ. ಎಡಗೈಗೆ ಕೊಡುವುದು.
– ಲೆಕ್ಕಪತ್ರ ಶಾಖೆಗೆ. ಮತ್ತೆ ಸ್ಪಷ್ಟನೆ ಕೇಳದಿರಲು.
– ಫೋನಕ್ಕನವರ ಮಗಳಿಗೆ, ದಯವಿಟ್ಟು.
– ಕಛೇರಿ ಕಡತಕ್ಕೆ.

ಷರಾ (ಶನಿವಾರ ಮಧ್ಯಾಹ್ನ, ಅಧೀಕ್ಷಕರ ಕೈಬರಹದಲ್ಲಿ):

ಮಗಳು ಬಸ್ಸಿಗೆ ಹೊರಡುವ ಮುನ್ನ ಕೂಸಿನೊಂದಿಗೆ ಕಛೇರಿಗೆ ಹಾಜರಾಗಿ, ತಾಯಿಯ ತೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ತಪಾಸಣೆ ನಡೆಸಿ, ದದ್ದು ಇಳಿದಿರುವುದನ್ನು ಖಚಿತಪಡಿಸಿಕೊಂಡಿರುತ್ತಾಳೆ.

“ತೊಳ್ಕೊಂಡ್ಯಾ?”

“ಬೆಳಗಿಂದ ಅದೇ ಕೆಲ್ಸ ಕಣೇ.”

“ಸರಿ, ಹಿಡ್ಕೊ. ಕತ್ತು ಹುಷಾರು.”

ಫೋನಕ್ಕನವರು ವಿಶ್ರಾಂತಿ ಕೊಠಡಿಯಲ್ಲಿ ಕೂಸನ್ನು ಎತ್ತಿಕೊಂಡು ಕುಳಿತಿದ್ದಾರೆ. ಕೂಸು ನಿದ್ದೆ ಹೋಗಿದೆ. ದೂರವಾಣಿ ಎರಡು ಬಾರಿ ಬಡಿದುಕೊಂಡು ಸುಮ್ಮನಾಯಿತು, ಆ ಬಗ್ಗೆ ಫೋನಕ್ಕನವರಿಂದ ವಿವರಣೆ ಕೇಳಲಾಗಿರುವುದಿಲ್ಲ. ಇಣುಕಲು ಹೋದವರೊಬ್ಬರು ಬಾಗಿಲು ತಳ್ಳಿದಾಗ ಅದು ಕಿರುಚಿತು, ಕೂಸು ಮುಖ ಕಿವುಚಿತು.

ಕಲಂ ೯ನ್ನು ಹಿಂಪಡೆಯಲಾಗಿದೆ. ಬೀರುವಿನ ಬೀಗ ತೆಗೆಯಲಾಗಿದೆ. ಕೀಲುಗಳಿಗೆ ಬಂಡೆಯಣ್ಣನವರು ಎಣ್ಣೆ ಬಿಟ್ಟರು, ಸೀಸೆಯನ್ನು ಅಧೀಕ್ಷಕರು ಹಿಡಿದುಕೊಂಡಿದ್ದರು. ಬಾಗಿಲನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಲಾಯಿತು.

ಕೂಸು ಎದ್ದಿರುವುದಿಲ್ಲ.