ಕಾಳಿನ ಕಳ್ಳಸಾಗಣೆ

ಜೋಗೇಶ್ವರಿಯ ನಮ್ಮ ಕಾಕಾ ಕಳ್ಳಸಾಗಣೆ ಮಾಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ಮೊದಲು ನಾನೂ ನಂಬಿರಲಿಲ್ಲ! ಮಾಲು ಬಂಗಾರವಲ್ಲ; ರಾಜ್ಮಾ, ಮಡಕಿ ಕಾಳು, ಹೆಸರುಕಾಳು. ತನ್ನ ದುಡ್ಡಿನಲ್ಲೇ ಕೊಂಡ ಕಾಳನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತನ್ನದೇ ಬಿಲ್ಡಿಂಗಿನ ಮೆಟ್ಟಿಲನ್ನು ಕಳ್ಳ ಹೆಜ್ಜೆಯಲ್ಲಿ ಹತ್ತುವ ಗೃಹಸ್ಥನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಇದಕ್ಕೆಲ್ಲ ಕಾರಣ ಕಾಕುವಿನ ಬಿಪಿ. ಕಾಕು ಎಂದರೆ ಕಾಕಾನ ಹೆಂಡತಿ, ವಿಜಯಪುರದ ಕಡೆಯವರು. ಅವರ ತಾಯಿ ಬಿಪಿ ಏರಿ, ಲಕ್ವಾ ಹೊಡೆದು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಈಗ ಕಾಕುವಿನದೂ ಗಡಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದಂದಿನಿಂದ ಕಾಕಾನ ನಿದ್ದೆ ಹಾರಿತ್ತು. ಉಪ್ಪು ಕಡಿಮೆ ಮಾಡಿ, ದಿನಾ ಒಂದೇ ಬೇಳೆಗೆ ಜೋತುಬೀಳದೆ ಪ್ರೋಟೀನು ನಾಲ್ಕಾರು ಕಡೆಯಿಂದ ಬರುವಂತೆ ನೋಡಿಕೊಳ್ಳಿ, ಅದೂ ಬಿಪಿಗೆ ಒಳ್ಳೆಯದಂತೆ ಎಂದಿದ್ದರು ಡಾಕ್ಟರು. ಉಪ್ಪನ್ನೇನೋ ಕಾಕು ಬಿಟ್ಟರು. ತೊಗರಿಬೇಳೆ ಬಿಡಲಿಲ್ಲ. ಉಳಿದ ಕಾಳೆಲ್ಲ ಬರೀ ವಾಯು ಎಂಬುದು ಅವರ ಸಿದ್ಧಾಂತ, ಅದರ ಮುಂದೆ ಯಾವ ಡಾಕ್ಟರು?

ಕಾಕಾ ತಾವೇ ಸೌಟು ಹಿಡಿದರು. ನೆನೆಸದ ರಾಜ್ಮಾವನ್ನು ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದ್ದೇ ಹೊಡೆಸಿದ್ದು. ಕಾಳು ಬೇಯಲಿಲ್ಲ, ಗ್ಯಾಸ್ ಮುಗಿಯಿತು!

ಆಗ ಅವರಿಗೆ ಹೊಳೆದದ್ದು ಕಾಕುವಿನ ದೌರ್ಬಲ್ಯ. ನೆರೆಮನೆಯಿಂದ ಬಂದ ಬಟ್ಟಲನ್ನು ಕಾಕು ಎಂದೂ ಮುಟ್ಟದೆ ಬಿಟ್ಟವರಲ್ಲ. ಬಿಟ್ಟರೆ ಕೊಟ್ಟವರಿಗೆ ಅವಮಾನ, ಅನ್ನಪೂರ್ಣೆಗೂ ಅವಮಾನ. ಸರಿ, ಮೇಲಿನ ಮಹಡಿಯ ಪಂಜಾಬಿ ಆಂಟಿಗೆ ರಾಜ್ಮಾ ಹೋಯಿತು, ಎದುರು ಮನೆಯ ಮರಾಠಿ ತಾಯಿಗೆ ಮಡಕಿ. ಬೇಯಿಸಿ, ನಿಮ್ಮದೇ ಎಂದು ಕಳಿಸಿ, ಉಪ್ಪು ಮಾತ್ರ ಹಿಡಿದು ಹಾಕಿ ಎಂದು ಕಾಕಾನ ವಿನಂತಿ. ಕಾಕಾನ ಮನೆಯಲ್ಲೇ ಇರುವ ನಾನು ವಿಲೆ ಪಾರ್ಲೆಯ ಆಫೀಸಿನಿಂದ ಬರುವಾಗ ನನ್ನ ಬ್ಯಾಗಿನಲ್ಲೂ ಮಾಲು ಬರತೊಡಗಿತು. ಕಾಕು ಬಟ್ಟಲು ಒರೆಸಿ ಉಂಡು, ಆ ಪಂಜಾಬಿಯಾಕೆಯ ಕೈಗುಣಕ್ಕೆ ವಾಯು ಸಹ ಆಗುವುದಿಲ್ಲ ನೋಡು ಎಂದು ನನಗೇ ಹೇಳಿದರು. ಬಟ್ಟಲನ್ನು ಬರಿದಾಗಿ ಮರಳಿಸುವುದುಂಟೇ? ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ, ತುಂಬಿ ಕಳಿಸಿದರು. ಇಡೀ ಬಿಲ್ಡಿಂಗು ದಷ್ಟಪುಷ್ಟವಾಯಿತು!

ಅತಿಯಾಸೆ ಗತಿಗೇಡು. ಕಾಕಾ ಮರಾಠಿ ತಾಯಿಗೆ ಸೋಯಾ ಚಂಕ್ಸ್ ಕೊಟ್ಟುಬಿಟ್ಟರು. ಭಾನುವಾರ ಮಧ್ಯಾಹ್ನ ಬಟ್ಟಲು ಬಂತು. ಮಸಾಲೆಯಲ್ಲಿ ತೇಲುವ ಕಂದು ತುಂಡುಗಳನ್ನು ಕಂಡದ್ದೇ ತಡ, ಲಿಂಗಪೂಜೆ ಮಾಡುವ ಕಾಕು ಮಾಂಸವೆಂದು ಹೌಹಾರಿ ಎದುರು ಮನೆಗೆ ಧಾವಿಸಿದರು. ಪಾಪ, ಆ ತಾಯಿ ತಾನೇ ಏನು ಮಾಡಿಯಾರು? ಮಾನ ಉಳಿಸಿಕೊಳ್ಳಲು ಸೋಯಾದ ಪಾಕೀಟು ತೋರಿಸಿ ಮೊದಲಿನಿಂದ ಎಲ್ಲವನ್ನೂ ಒಪ್ಪಿಸಿಬಿಟ್ಟರು.

ನಾನೂ ಕಾಕಾನೂ ನಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದೆವು. ಕಾಕಾ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ಕಾಕು ಬಂದರು. ಗುಡುಗಲಿಲ್ಲ. ಊಟಕ್ಕೆ ಹಾಕಿದ್ದ ತಾಟಿನ ಮುಂದೆ ಕುಳಿತರು.

"ನಮ್ಮವ್ವ ಎಲ್ಲಾರ್ದೂ ಊಟ ಆದಮ್ಯಾಲೆ ಕುಂಡ್ರಾಕಿ," ಎಂದರು. "ಬ್ಯಾಳಿ ಎಲ್ಲಾ ಗಂಡಸ್ರು, ಹುಡುಗ್ರು ಉಂಡಿರ್ತಿದ್ರು. ಆಕಿಗೆ ಉಳಿದ ತಿಳಿ ಸಾರು, ಒಂದ್ ರೊಟ್ಟಿ. ಆಕಿ ತಾಟಿನ್ಯಾಗ ಏನೈತಿ ಅಂತ ಒಬ್ರೂ ನೋಡ್ಲಿಲ್ರೀ. ನಾನೂ ನೋಡ್ಲಿಲ್ಲ."

ಕಾಕಾ ಚಪ್ಪಲಿ ಹುಡುಕುವುದನ್ನು ಬಿಟ್ಟು ತಾಟಿನ ಬಳಿ ಬಂದರು.

"ನನ್ನ ತಾಟು ನೀವ್ ನೋಡೀರಿ," ಎಂದರು ಕಾಕು. "ಬಡಸ್ರಿ ಈಗ ಅದನ್ನ."

ನನಗೆ ಕಣ್ಣು ತುಂಬಿ ಬಂತು, ಮರೆಮಾಚುವುದೇಕೆ? ಕಾಕಾ ಸೋಯಾದ ಬಟ್ಟಲೆತ್ತಿ ಬಡಿಸಿದರು. ಅರ್ಧ ರಸ ನೆಲಕ್ಕೇ ಚೆಲ್ಲಿತು. ಕಾಕು ಬೈಯಲಿಲ್ಲ.