ಚೌರಕ್ಕೆ ನೂರು ಮಾರ್ಕ್

ತೊಂದರೆ ಶುರುವಾದದ್ದು ಒಂದು ಫಾರ್ಮಿನ ಖಾಲಿ ಜಾಗದಿಂದ. ‘ಜರ್ಮನಿಯಲ್ಲಿ ತಿಂಗಳಿಗೆ ಬೇಕಾಗುವ ಖರ್ಚು’ ಎಂದು ಬರೆದು ಮುಂದೆ ಒಂದು ಗೆರೆ ಎಳೆದಿದ್ದರು.

ಗುರುಶಾಂತ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ ಎರಡು ವರ್ಷವಾಗಿತ್ತು. ಈಗ ಆರು ತಿಂಗಳು ಫ್ರಾಂಕ್‌ಫರ್ಟಿಗೆ ಹೋಗುವ ಯೋಗ ಬಂದಿತ್ತು. “ನಾಳೆ ಎರಡು ಗಂಟೆಯೊಳಗೆ ತುಂಬಿ ಕೊಡು ಮಾರಾಯ” ಎಂದಿದ್ದರು ಮ್ಯಾನೇಜರ್ ವಿನಾಯಕ, ಉಡುಪಿಯ ಕಡೆಯವರು. “ದುಡ್ಡು ಕೊಡುವವರು ಜರ್ಮನಿಯವರು. ಅವರು ಒಪ್ಪಿದರೆ ನಿನಗೆ ಟಿಕೆಟ್. ಕಡಿಮೆ ಬರೆದು ಅಲ್ಲಿ ಉಪವಾಸ ಬಿದ್ದರೆ ನನ್ನನ್ನು ಕೇಳಬೇಡ.”

ಅಲ್ಲಿಂದ ಗುರುಶಾಂತನ ತಲೆಗೆ ಹುಳ ಹೊಕ್ಕಿತು. ಅಲ್ಲಿ ಉಳ್ಳಾಗಡ್ಡಿ ಕಿಲೋಕ್ಕೆ ಎಷ್ಟು? ಇಸ್ತ್ರಿಗೆ ಎಷ್ಟು? ಚೌರಕ್ಕೆ? ಮರುದಿನ ಅರ್ಧ ದಿನ ರಜೆ ಹಾಕಿ ಬೆಳಿಗ್ಗೆಯೇ ಪಕ್ಕದ ಮನೆಯ ಅಂಬಾದಾಸನ ಮುಂದೆ ನೋಟುಬುಕ್ಕು ಹಿಡಿದು ಕೂತ. ಕುಷಾಯಿಗೂಡದ ಆ ಓಣಿಯಲ್ಲಿ ಜರ್ಮನಿ ಕಂಡವನು ಅಂಬಾದಾಸ ಒಬ್ಬನೇ. ಸರಕಾರಿ ಕಾರ್ಖಾನೆಯವರು ಹದಿನೆಂಟು ವರ್ಷದ ಹಿಂದೆ ಮೂರು ವಾರ ತರಬೇತಿಗೆ ಕಳಿಸಿದ್ದರು. ಮಾತಿನಲ್ಲಿ ಅವನು ಇನ್ನೂ ಪೂರ್ತಿ ವಾಪಸು ಬಂದಿರಲಿಲ್ಲ.

“ಕಾಕಾ, ಅಲ್ಲಿ ಮನಿ ಬಾಡಿಗಿ ಎಷ್ಟ್ರಿ?”

“ನಮಗ ಹಾಸ್ಟೆಲ್ ಇತ್ತಪಾ.”

“ಊಟಕ್ಕ?”

“ಎರಡು ಡಬ್ಬಿ ಚುಡವಾ ಒಯ್ದಿದ್ದೆ.”

“ಚೌರಕ್ಕ?”

“ಮೂರು ವಾರ ಬೆಳಸಿದೆ.”

“ಹಂಗಾದ್ರ ನೀವು ಖರ್ಚೇ ಮಾಡಿಲ್ಲಲ್ರಿ.”

ಅಂಬಾದಾಸನ ಮುಖ ತಣ್ಣಗಾದ ಚಹಾದಂತೆ ಕೆನೆಗಟ್ಟಿತು. ಒಂದು ಘಳಿಗೆ ಸೂರು ನೋಡಿ, “ಬರಕೋ. ತಿಂಗಳಿಗೆ ಹದಿನೈದು ನೂರು ಮಾರ್ಕ್” ಎಂದ. ಆಗ ಜರ್ಮನಿಯಲ್ಲಿ ಇನ್ನೂ ಮಾರ್ಕಿನ ದುಡ್ಡೇ ನಡೆಯುತ್ತಿತ್ತು.

ನಂಬಿಕೆ ಬಾರದೆ ಗುರುಶಾಂತ ಸೈಬರ್ ಕೆಫೆಗೆ ನಡೆದ. ಪುಟ ಒಂದೊಂದೇ ಸಾಲು ಇಳಿಯಿತು, ಗಂಟಲಲ್ಲಿ ಒಣ ರೊಟ್ಟಿ ಇಳಿದ ಹಾಗೆ. ಬಾಡಿಗೆ ಬಂತು, ಬಸ್ಸು ಬಂತು, ಚೌರ ಇಪ್ಪತ್ತೈದು ಮಾರ್ಕ್ ಎಂದು ಬಂತು. ಅಷ್ಟು ದುಡ್ಡಿಗೆ ಕುಷಾಯಿಗೂಡದಲ್ಲಿ ಇಡೀ ಓಣಿಯ ತಲೆ ಬೋಳಿಸಬಹುದಿತ್ತು. ಎಲ್ಲ ಕೂಡಿಸಿದ. ಹದಿನೈದು ನೂರು. ಅಂಬಾದಾಸ ಬಾಯಿಗೆ ಬಂದದ್ದು ಹೇಳಿದ್ದ, ಅದೇ ಖರೆಯಾಗಿತ್ತು.

ಅಷ್ಟಕ್ಕೇ ಫಾರ್ಮು ತುಂಬಿದ್ದರೆ ಕತೆ ಇರುತ್ತಿರಲಿಲ್ಲ. ಊಟಕ್ಕೆ ಕೂತಾಗ, ಅವನು ಬಾಡಿಗೆಗಿದ್ದ ಮನೆಯ ಒಡತಿ ಗಂಗಾಬಾಯಿ ನೋಟುಬುಕ್ಕು ನೋಡಿದಳು.

“ಖರೇ ರೇಟ ಬರದೀಯೇನೋ ಹುಚ್ಚಾ? ಬೇಗಂ ಬಜಾರದಾಗ ಅಂಗಡಿಯಾಂವ ಕುಕ್ಕರಿಗೆ ಆರುನೂರು ಅಂತಾನ, ನಾ ಮುನ್ನೂರು ಅಂತೀನಿ. ಮೊದಲ ಮುನ್ನೂರು ಅಂದಿದ್ರ ಆಂವನ ಹೊಟ್ಟಿ ಹೆಂಗ ತುಂಬತಿತ್ತು? ಎರಡ ಪಟ್ಟು ಬರಿ. ಅವರು ಅರ್ಧಾ ಕಡೀತಾರ.”

“ಎರಡ ಪಟ್ಟು ಸಾಲಂಗಿಲ್ಲವ್ವಾ” ಎಂದಳು ಮಗಳು ಭಾಗ್ಯಶ್ರೀ, ಬಿ.ಕಾಂ. ಓದುತ್ತಿದ್ದಳು. “ಇಲ್ಲಿ ಮ್ಯಾನೇಜರ್ ಒಮ್ಮೆ ಕಡೀತಾನ, ಅಲ್ಲಿ ಜರ್ಮನಿಯವರು ಒಮ್ಮೆ ಕಡೀತಾರ. ನಾಕ ಪಟ್ಟು ಬರೀರಿ ಅಣ್ಣಾ.”

ಲೆಕ್ಕದಲ್ಲಿ ತಪ್ಪು ಹುಡುಕಲು ಗುರುಶಾಂತನಿಗೆ ಆಗಲಿಲ್ಲ. ಪ್ರತಿ ಸಾಲನ್ನೂ ನಾಲ್ಕು ಪಟ್ಟು ಮಾಡಿದ. ಒಟ್ಟು ಆರು ಸಾವಿರ ಮಾರ್ಕ್. ಚೌರಕ್ಕೆ ನೂರು.

ಎರಡು ಗಂಟೆಗೆ ವಿನಾಯಕರ ಮುಂದೆ ಕಾಗದವಿಟ್ಟು, ಚೌಕಾಸಿಗೆ ಸೊಂಟ ಕಟ್ಟಿ ನಿಂತ. ಐದು ಸಾವಿರ ಅಂದರೆ ಏನು ಹೇಳಬೇಕು, ನಾಲ್ಕು ಅಂದರೆ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ಬಾಯಿಪಾಠ ಮಾಡಿಕೊಂಡಿದ್ದ. ವಿನಾಯಕರು ಕಾಗದ ಓದಿದರು. ಆಮೇಲೆ ಅವನ ತಲೆ ನೋಡಿದರು.

“ಚೌರಕ್ಕೆ ನೂರಾ?”

“ಊರೇ ತುಟ್ಟಿ ಐತ್ರಿ ಸರ್.”

“ನಿನ್ನ ತಲೆಯಲ್ಲಿ ಅಷ್ಟು ಕೂದಲಿಲ್ಲ ಮಾರಾಯ.” ಅಷ್ಟು ಹೇಳಿ, ಒಂದು ಅಂಕಿಯನ್ನೂ ಮುಟ್ಟದೆ ಜರ್ಮನಿಗೆ ಮೇಲ್ ಕಳಿಸಿಬಿಟ್ಟರು.

ಗುರುಶಾಂತ ಕಂಪ್ಯೂಟರಿನ ಕಡೆ ಬಗ್ಗಿದ. “ಸರ್, ಸ್ವಲ್ಪ ಕಡಿಮಿ ಮಾಡಬಹುದಿತ್ತು.”

“ವಿಚಾರಿಸಿ ಬರೆದದ್ದಲ್ವಾ? ಮತ್ತೆ?”

ಐದಕ್ಕೆ ಕರೆ ಬಂತು. ವಿನಾಯಕರು ಕುರ್ಚಿ ತೋರಿಸಿದರು. “ಅವರಿಗೂ ಆಶ್ಚರ್ಯ. ತಮ್ಮ ಊರು ಅಷ್ಟು ತುಟ್ಟಿ ಅಂತ ಅವರಿಗೇ ಗೊತ್ತಿರಲಿಲ್ಲವಂತೆ. ಈ ದುಡ್ಡಿಗೆ ನಿನ್ನನ್ನು ಅಲ್ಲಿ ಸಾಕುವ ಬದಲು ತಮ್ಮವನೊಬ್ಬನನ್ನು ಇಲ್ಲಿಗೆ ಕಳಿಸುವುದು ಅಗ್ಗ ಅಂದರು. ಮುಂದಿನ ತಿಂಗಳು ಬರ್ತಾನೆ. ಅವನಿಗೆ ಹೈದರಾಬಾದಲ್ಲಿ ಏನೇನು ಖರ್ಚು ಅಂತ ನೀನೇ ಬರೆದು ಕೊಡು. ವಿಚಾರಿಸುವುದರಲ್ಲಿ ನೀನು ಹುಷಾರು.”

ಮನೆಗೆ ಬಂದ ಗುರುಶಾಂತ ಮೆಟ್ಟಿಲ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. ಗಂಗಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಲೊಚಗುಟ್ಟಿದಳು. ಖಾಸಾ ಅಕ್ಕನಿಗೂ ಅಷ್ಟು ಮರುಕ ಬರುತ್ತಿರಲಿಲ್ಲ.

“ಹೋಗ್ಲಿ ಬಿಡಪಾ. ಆ ಜರ್ಮನ್ನಾಂವಗ ಬಾಡಿಗಿಗೆ ಎಷ್ಟ ಕೊಡ್ತಾರಂತ?”

ಎಷ್ಟರ ತನಕ ಕೊಡುತ್ತಾರೆಂದು ವಿನಾಯಕರು ಹೇಳಿದ್ದರು; ಈ ಸಲ ಖರೆ ಹೇಳುವುದೇ ಒಳ್ಳೆಯದೆಂದು ಅವನಿಗೆ ತೋರಿತು. “ಎಂಟು ಸಾವಿರ ರೂಪಾಯಿ ತನಕ ರೀ.”

ಗುರುಶಾಂತ ಆ ಮನೆಯ ಮೇಲಿನ ಖೋಲಿಗೆ ಕೊಡುತ್ತಿದ್ದದ್ದು ಒಂಬೈನೂರು. ಗಂಗಾಬಾಯಿ ಮೇಲೊಮ್ಮೆ ನೋಡಿದಳು. ಒಳಗೆ ಹೋಗಿ ಚಹಾ ತಂದು ಅವನ ಕೈಗಿಟ್ಟಳು. ಎಂದಿಗಿಂತ ಸಕ್ಕರೆ ಜಾಸ್ತಿ ಇತ್ತು.

“ನೀ ಹೆಂಗೂ ಹೋಗಾಕ ತಯಾರಾಗಿದ್ದಿ ತಮ್ಮಾ. ಮೂವತ್ತಕ್ಕ ಖೋಲಿ ಖಾಲಿ ಮಾಡು. ಹಾಂ, ಹೋಗೂಮುಂದ ಒಂದು ಕೈ ಸುಣ್ಣಾ ಹೊಡಸಿ ಹೋಗು. ಪರದೇಶದವರು ಬರಾಕತ್ತಾರ.”