ಬದನೆಕಾಯಿಗೂ ಮೀಟಿಂಗ್ ಕರೆಯುವ ಮಾವ

ನಮ್ಮ ಸೋದರಮಾವ ಪುಣೆಯ ದೊಡ್ಡ ಹೃದ್ರೋಗ ತಜ್ಞರಲ್ಲೊಬ್ಬರು ಎಂದರೆ ನಂಬುತ್ತೀರಾ? ಅವರಂತೂ ನಂಬಿದ್ದಾರೆ! ಆಸ್ಪತ್ರೆಯವರ ಲೆಕ್ಕದಲ್ಲಿ ಮಾತ್ರ ಅವರು ಗುಮಾಸ್ತರು. ಪ್ರತಿ ಬುಧವಾರ, ಮಕ್ಕಳ ಹೃದಯದ ಆಪರೇಷನ್ ಗೊತ್ತುಮಾಡುವ ಡಾಕ್ಟರರ ಮೀಟಿಂಗಿಗೆ ಫೈಲು ಜೋಡಿಸಿ, ಎಕ್ಸ್‌ರೇಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಮೂಲೆಯಲ್ಲಿ ಕೂತು ಬರೆದುಕೊಳ್ಳುವುದು ಅವರ ಕೆಲಸ.

ಆ ಮೀಟಿಂಗಿಗೊಂದು ಪದ್ಧತಿ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಕತ್ತರಿ ಹಿಡಿಯುವ ಸರ್ಜನ್ ಕೊನೆಗೆ. ದೊಡ್ಡವರು ಮೊದಲೇ ಬಾಯಿಬಿಟ್ಟರೆ ಚಿಕ್ಕವರು ತಲೆಯಾಡಿಸಿ ಕೂತುಬಿಡುತ್ತಾರಲ್ಲ, ಅದಕ್ಕೆ. ಮೇಜಿನ ಸುತ್ತ ಕೂತ ಡಾಕ್ಟರು, ನರ್ಸು ಯಾರೂ ಸುಮ್ಮನಿರುವಂತಿಲ್ಲ. ಮಾವ ಈ ಪದ್ಧತಿಯನ್ನು ನಾವೆಲ್ಲ ಒಟ್ಟಿಗಿದ್ದ ಕೋಥರೂಡ್ ಬಡಾವಣೆಯ ಮನೆಗೂ ಹೊತ್ತು ತಂದರು. ಅಲ್ಲಿಂದ ನಮ್ಮ ಗ್ರಹಚಾರ ಶುರು! ಮುಂದೊಂದು ದಿನ ನನ್ನ ಮಗಳ ಜೀವವೂ ಇದೇ ಪದ್ಧತಿಯ ಕೈಗೆ ಸಿಗುತ್ತದೆಂದು ಯಾರಿಗೆ ಗೊತ್ತಿತ್ತು?

ಅತ್ತೆ ಎಣ್ಣೆಗಾಯಿಗೆಂದು ಬದನೆಕಾಯಿ ಮುಂದಿಟ್ಟುಕೊಂಡರೆ, "ತಡೀ! ಮೊದಲ ಎಲ್ಲಾರ ಅಭಿಪ್ರಾಯ ಆಗ್ಲಿ. ಚಾಕು ಹಿಡದಾವ್ರು ಕಡೀಕ ಮಾತಾಡಬೇಕು" ಎನ್ನುವರು ಮಾವ.

"ನಂದೂ ಕೇಳ್ರಿ ಹಂಗಾದ್ರ. ಇವತ್ತ ಅಡಗಿ ನೀವ ಮಾಡ್ರಿ" ಎಂದು ಒಂದು ದಿನ ಅತ್ತೆ ಎದ್ದೇ ಹೋದರು. ಅಂದು ರಾತ್ರಿ ಊಟಕ್ಕೆ ಎಲ್ಲರಿಗೂ ಅವಲಕ್ಕಿ.

ಸೊಲ್ಲಾಪುರದವರು ನನ್ನನ್ನು ನೋಡಲು ಬಂದಾಗಲೂ ಅಷ್ಟೇ. ಬೀಗರಾಗಬೇಕಾದವರ ಎದುರಿಗೇ ಮಾವ ತಮ್ಮ ಆರು ವರ್ಷದ ಮಗಳಿಗೆ, "ಮೊದಲ ನೀ ಹೇಳವ್ವಾ" ಎಂದರು.

"ಉಂಡಿ ಎಲ್ಲಾ ಇವ್ರೊಬ್ಬರ ತಿಂದ್ರು!" ಎಂದು ಅವಳು ಖಾಲಿಯಾದ ಲಾಡಿನ ತಟ್ಟೆ ನೋಡಿ ವರನ ಕಡೆ ಬೆರಳು ತೋರಿಸಿದಳು. ಆ ಉಂಡಿಯವರನ್ನೇ ನಾನು ಮದುವೆಯಾದೆ ಬಿಡಿ.

ನಮ್ಮ ಮಗಳಿಗೆ ನಾಲ್ಕು ವರ್ಷವಾದಾಗ ಅವಳ ಹೃದಯದಲ್ಲಿ ರಂಧ್ರವಿದೆ ಎಂದು ತಿಳಿಯಿತು. ಒಂದು ಬುಧವಾರ ಅವಳ ಫೈಲನ್ನೂ ಮಾವನೇ ಮೇಜಿನ ಮೇಲಿಟ್ಟರು. ನಾಳೆಯೇ ಆಪರೇಷನ್ ಎನ್ನುವುದು ಹೆಚ್ಚುಕಡಿಮೆ ಖಾತ್ರಿಯಾಗಿತ್ತಂತೆ. ಮೊದಲ ಸರದಿ ಬಂದದ್ದು ಎಲ್ಲರಿಗಿಂತ ಕಿರಿಯ ನರ್ಸಿಗೆ. ಮಗು ಬೆಳಗಿನಿಂದ ಕೆಮ್ಮುತ್ತಿದೆ ಎಂದಳು. ಎದೆಯಲ್ಲಿ ಕಫವಿದ್ದರೆ ಅರಿವಳಿಕೆ ಕೊಡುವುದು ಅಪಾಯ ಎಂದು ಅರಿವಳಿಕೆ ಡಾಕ್ಟರು ಹೇಳಿದರು. ಕೊನೆಗೆ ಸರ್ಜನ್ ಕೂಡ ಒಪ್ಪಿ, ಮೂರು ವಾರ ಮುಂದೆ ಹಾಕಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಮಾವಾ, ನಮ್ಮ ಕೂಸಿನ ಪರವಾಗಿ ನೀವೊಂದ ಮಾತ ಆಡಬಾರದಿತ್ತೇನ್ರಿ?"

"ಆ ಹುಡುಗಿ ಆಡಿದ್ಳಲ್ಲವ್ವಾ" ಎಂದರು ಮಾವ. "ಅಕಿ ಆಡಿದ್ದು ನಮ್ಮ ಕೂಸಿನ ಪರವಾಗೇ."

ಮೂರು ವಾರದಲ್ಲಿ ಕೆಮ್ಮು ಹೋಯಿತು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಸ್ಟ್ರೆಚರ್ ಮೇಲೆ ಮಲಗಿಕೊಂಡೇ ನನ್ನ ಮಗಳು ಮೀಟಿಂಗ್ ಕರೆದಳು!

"ನಾ ಎಲ್ಲಾರಕಿಂತ ಸಣ್ಣಾಕಿ. ನನಗ ಅಂಜಿಕಿ ಇಲ್ಲ. ಅವ್ವಾ, ನಿನಗ?"

"ನನಗೂ ಇಲ್ಲ" ಎಂದು ಸುಳ್ಳು ಹೇಳಿದೆ.

"ಅಜ್ಜಾ, ಈಗ ನಿನ್ನ ಪಾಳಿ."

ಮಾವ ಕೈಲಿದ್ದ ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ನಿಂತರು. ಅಷ್ಟರಲ್ಲಿ ಸ್ಟ್ರೆಚರ್ ಒಳಗೆ ಹೋಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಎಚ್ಚರವಾದ ಮಗಳು ನನ್ನನ್ನು ನೋಡಿದಳು, ಆಮೇಲೆ ಮಾವನನ್ನು ಹುಡುಕಿದಳು.

"ಅಜ್ಜಾ, ನೀ ಇನ್ನೂ ಹೇಳಿಲ್ಲ."

ಮಾವ ಅವಳ ಪುಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನನಗ ಭಾಳ ಅಂಜಿಕಿ ಆಗಿತ್ತವ್ವಾ."